ತೊಂಬತ್ತೈದು

ಓಬಳೇಶಪ್ಪನ ಟಗ್ ವಿಮಾನದ ಬಾಲದ ಮೇಲೆ
ಲಾರಿಗೆ ಬರೆಯುವ ಪೇಂಟರ್ ಕೈಯಲ್ಲಿ ಬರೆಸಿದ್ದು:
ನಿಧಾನವೇ ಪ್ರಧಾನ.
ಕೆಂಪು ಅಕ್ಷರ, ಹಳದಿ ನೆರಳು, ಪಕ್ಕಕ್ಕೊಂದು ಗಿಣಿ.
ಐವತ್ತೈದು ಮೀಟರ್ ಹಗ್ಗದ ಈ ತುದಿಗೆ
ಅದು ಓದಲಾಗದ ಒಂದು ಬೊಟ್ಟು.
ಬೊಟ್ಟು ಕಣ್ಣೆದುರಿದ್ದರೆ ನಾನು ಜಾಗದಲ್ಲಿದ್ದೇನೆ.

ಚಳ್ಳಕೆರೆಯಾಚೆ, ಕಾವಲಿನ ಅಂಚಿಗೆ, ನಮ್ಮ ಮಣ್ಣಿನ ಪಟ್ಟಿ.
ಏಪ್ರಿಲ್, ಹನ್ನೊಂದೂವರೆ.
ಎರಡೂ ರೆಕ್ಕೆಯೊಳಗೆ ಅರವತ್ತರವತ್ತು ಲೀಟರ್ ನೀರು.
ದೂರ ಹೋಗುವ ಆಸೆಗೆ ಭಾರ ಬೇಕು;
ಪಿಯುಸಿ ಹುಡುಗರಿಗೆ ಬೋರ್ಡಿನ ಮೇಲೆ ಬಿಡಿಸಿ ಹೇಳಬಲ್ಲೆ,
ಪಾಪಕ್ಕನಿಗೆ ಆಗಲಿಲ್ಲ.
"ಹಾರಾಕೆ ಹೋಗೋರು ಯಾರಾನ
ಕೊಡ ಹೊತ್ಕಂಡು ಹೋಗ್ತಾರೇನವ್ವ?"
ಅನ್ನುತ್ತ ರೆಕ್ಕೆತುದಿ ಹಿಡಿದು ನಿಂತಳು,
ಇನ್ನೊಂದು ಕೈಯಲ್ಲಿ ಕುರಿ ಕಾಯುವ ಕೋಲು.

ಓಟದ ಮೊದಲಿಗೆ ಫ್ಲ್ಯಾಪ್ ಮೈನಸ್ಸಿನಲ್ಲಿ.
ಆಗ ರೆಕ್ಕೆ ಬೆನ್ನು ನೆಟ್ಟಗೆ ಮಾಡಿ ಕೂತ ಹುಡುಗ,
ಹೇಳಿದ್ದು ಕೇಳುತ್ತದೆ.
ಪಾಪಕ್ಕ ಹತ್ತು ಹೆಜ್ಜೆ ಓಡಿ ಬಿಟ್ಟಳು.
ಧೂಳು. ಸೊನ್ನೆಗೆ ತಂದೆ. ನೆಲ ಕಳಚಿತು.

ಮುಳ್ಳು ತೊಂಬತ್ತೈದರಲ್ಲಿ ನಿಂತಿತು.
ನನಗೆ ನೂರ ಹದಿನೈದು ಬೇಕು.
ಟಗ್ಗಿಗೆ ಅದು ಸುಖದ ವೇಗ;
ಅದು ಕೆಳಕ್ಕೆ ತುಳಿದು ಬಿಟ್ಟ ಗಾಳಿಯಲ್ಲಿ
ನೀರು ಹೊತ್ತ ನನಗೆ ಕೆಸರುಗದ್ದೆ.

ಸ್ಟಿಕ್ ಎಳೆದೆ. ಮೂಗು ಎದ್ದಿತು.
ಮೂಗಷ್ಟೇ.
ಇನ್ನೂ ಎಳೆದೆ. ಬೊಟ್ಟು ನನ್ನದೇ ಮೂಗಿನಂಚಿಗೆ ತಾಗಿ
ಅರ್ಧ ಮುಳುಗಿತು.
ಎಡರೆಕ್ಕೆ ಕುಸಿಯಿತು, ಸ್ಟಿಕ್ ಬಲಕ್ಕೆ ಒತ್ತಿದೆ.
ಏನಿಲ್ಲ. ಏನೂ ಇಲ್ಲ. ಆಮೇಲೆ,
ಕರೆದರೆ ಒಲ್ಲದ ಮನಸ್ಸಿನಿಂದ ಏಳುವ ಎತ್ತಿನಂತೆ, ಚೂರು.

"ಓಬಳೇಶಪ್ಪ, ವೇಗ, ವೇಗ" ಎಂದೆ ರೇಡಿಯೋದಲ್ಲಿ.
ಅವನ ಕಿವಿತುಂಬ ಎಂಜಿನ್ನು.
ರೆಕ್ಕೆ ಅಲುಗಿಸಿ ಸನ್ನೆ ಮಾಡೋಣವೆಂದರೆ
ರೆಕ್ಕೆಯೇ ನನ್ನ ಮಾತು ಕೇಳುತ್ತಿಲ್ಲ.
ಹಗ್ಗ ಬಿಡುವ ಹಳದಿ ಗುಂಡಿ ಮೊಣಕಾಲ ಬಳಿ;
ಕೆಳಗೆ ಬಂಡೆ, ಜಾಲಿ, ಮತ್ತೆ ಬಂಡೆ.

ಎಡಗೈ ಫ್ಲ್ಯಾಪಿನ ಹಿಡಿಗೆ ಹೋಯಿತು.
ಪ್ಲಸ್ ಒಂದು.
ತಡೆ.
ಒಮ್ಮೆಲೇ ಎಳೆದರೆ ಜಿಗಿದು ಮೇಲಾಗಿ
ಅವನ ಬಾಲವನ್ನೆತ್ತಿ, ಅವನ ಮುಖವನ್ನು ನೆಲಕ್ಕೆ ತಿರುಗಿಸಿಬಿಡುತ್ತೇನೆ.
ಪ್ಲಸ್ ಎರಡು.
ಮಜ್ಜಿಗೆಗೆ ಒಡ್ಡುವ ಹಾಗೆ
ರೆಕ್ಕೆ ಗಾಳಿಗೆ ಬೊಗಸೆ ಒಡ್ಡಿತು.
ಮೂಗು ಬಾಗಿತು. ಬೊಟ್ಟು ಪೂರಾ ಕಂಡಿತು.

ಆದರೆ ಬೊಗಸೆಯಾದ ಕೈ
ಬೇರೆ ಕೆಲಸಕ್ಕೆ ಬರುವುದಿಲ್ಲ.
ಏಲೆರಾನ್ ಇನ್ನೂ ಮೆತ್ತಗಾಯಿತು, ಅನ್ನ ಕಲಸಿದಂತೆ.
ಕುಸಿದ ರೆಕ್ಕೆಯನ್ನು ಕಾಲಿನಿಂದ, ರಡರಿನಿಂದ ಎತ್ತುತ್ತ
ನೀರಿನ ತಿರುಪು ತೆಗೆದೆ.
ನೂರಿಪ್ಪತ್ತು ಲೀಟರ್. ನಮ್ಮ ಬೀದಿಯಲ್ಲಿ
ನಲ್ಲಿ ಬರುವ ದಿನ ಇಷ್ಟಕ್ಕೆ ಜಗಳವಾಗುತ್ತದೆ.
ನಾನು ತಿರುಗಿ ನೋಡಲಿಲ್ಲ.

ಹಗುರಾಗಲು ನಾಲ್ಕು ನಿಮಿಷ ಬೇಕಾಯಿತು.
ದುರ್ಗದ ಕಡೆಯ ಗುಡ್ಡಗಳ ಗಾಳಿಯಂತ್ರಗಳು
ನನ್ನ ಮಟ್ಟಕ್ಕೆ ಬಂದವು, ಆಮೇಲೆ ಕೆಳಗೆ.
ಆರುನೂರರಲ್ಲಿ ಹಗ್ಗ ಬಿಟ್ಟೆ.
ಮೊಳಕಾಲ್ಮೂರು ಮುಟ್ಟಿ ಬರಬೇಕೆಂದಿದ್ದವಳು
ಅರ್ಧ ಗಂಟೆ ಪಟ್ಟಿಯ ಮೇಲೇ ಸುತ್ತಿ ಇಳಿದೆ.

"ಟೀಚರಮ್ಮ, ನೀರು ತುಂಬ್ಕಂಡಿದ್ರಲ್ಲ,
ಕುಲುಕಬಾರ್ದು ಅಂತ ಮೆಲ್ಲಗೆ ಕರ್ಕಂಡು ಹೋದೆ.
ಹೆಂಗಿತ್ತು?"
ಪ್ರೀತಿಯಿಂದ ಮಾಡಿದ್ದಕ್ಕೆ ಬಯ್ಯುವುದು ಹೇಗೆ.
ನೂರ ಹದಿನೈದು, ಎಂದೆ.
ಆಂ?
ನೂರ ಹದಿನೈದು ಬೇಕು, ಓಬಳೇಶಪ್ಪ.
ಅವನು ಬಾಲದ ಬರಹವನ್ನೊಮ್ಮೆ ನೋಡಿ
ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡ.

ಅಷ್ಟರಲ್ಲಿ ಪಾಪಕ್ಕ ಬಂದಳು, ಏದುಸಿರು.
ಮೋಡ ಒಂದಿಲ್ಲ, ನನ್ನ ಮೂರು ಕುರಿ ನೆಂದವೆ,
ನೋಡು ಬಾ ಅಂದಳು.
ಹೋಗಿ ಉಣ್ಣೆಗೆ ಕೈಯಿಟ್ಟು ನೋಡಿದೆ.
ಒಂದರ ಬೆನ್ನು ನಿಜಕ್ಕೂ ಒದ್ದೆ.
ಉಳಿದೆರಡು ಸುಳ್ಳು.